ಮಿಡಿಗೆ ಸಾಣಿಕಟ್ಟಾ ಉಪ್ಪು: ಮೂರು ಭರಣಿಯ ಲೆಕ್ಕ

ಸಿರ್ಸಿ ಪೇಟೆಯಲ್ಲಿ ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪು, 25 ಕಿಲೋದ ಚೀಲ ಕೇಳಿದರೆ ಅಂಗಡಿಯವರು ಮೊದಲು ಕೇಳುವುದು, "ಆಕಳಿಗಾ, ತೆಂಗಿನ ಬುಡಕ್ಕಾ?" ಮಾವಿನ ಮಿಡಿಗೆ ಎಂದೆ. "ಈಗಲೂ ಇದನ್ನೇ ಹಾಕ್ತೀರಾ ಅಕ್ಕಾ?" ಎಂದು ನಕ್ಕರು. ಹೌದು, ಇದನ್ನೇ ಹಾಕುತ್ತೇನೆ. ಯಾಕೆ ಅನ್ನುವುದನ್ನು ಇಲ್ಲಿ ಬರೆಯುತ್ತೇನೆ. ಇದರ ತಪ್ಪುಗಳನ್ನೂ ಬಿಡದೆ ಹೇಳುತ್ತೇನೆ.

ನಾವು ನಾಲ್ಕು ಹೆಂಗಸರು ಸೇರಿ ವರ್ಷಕ್ಕೆ ಸುಮಾರು 60 ಕಿಲೋ ಅಪ್ಪೆಮಿಡಿ ಉಪ್ಪಿಗೆ ಹಾಕುತ್ತೇವೆ. ಜಾಸ್ತಿ ಪಾಲು ಬೆಂಗಳೂರಿಗೆ ಹೋಗುತ್ತದೆ. ಎರಡು ವರ್ಷದಿಂದ ಅಲ್ಲಿಂದ ಒಂದೇ ಪ್ರಶ್ನೆ: "ಆಂಟಿ, ಪಿಂಕ್ ಸಾಲ್ಟ್ ಹಾಕಿ ಮಾಡ್ತೀರಾ?" ಸುಮ್ನೆ ಇಲ್ಲ ಅನ್ನುವ ಬದಲು ಮಾಡಿಯೇ ನೋಡೋಣ ಅಂತ ಕಳೆದ ಮಾರ್ಚಿನಲ್ಲಿ ಮೂರು ಸಣ್ಣ ಭರಣಿ ಇಟ್ಟೆ. ಒಂದೇ ಮರದ ಮಿಡಿ, ಭರಣಿಗೆ ಎರಡು ಕಿಲೋ. ತೊಟ್ಟು ಸಮೇತ ಕೊಯ್ದದ್ದು, ಸೊನೆ ಹೋಗದ ಹಾಗೆ ಒರೆಸಿದ್ದು. ಉಪ್ಪು ಅರ್ಧರ್ಧ ಕಿಲೋ. ಒಂದಕ್ಕೆ ಸಾಣಿಕಟ್ಟಾ ಹರಳು, ಒಂದಕ್ಕೆ ಪ್ಯಾಕೆಟ್ಟಿನ ಪುಡಿ ಉಪ್ಪು, ಮತ್ತೊಂದಕ್ಕೆ ಆ ಪಿಂಕು.

ಪುಡಿ ಉಪ್ಪು ಮೂರೇ ದಿನಕ್ಕೆ ಕರಗಿ ತಳಕ್ಕೆ ಇಳಿಯಿತು. ಮೇಲಿನ ಮಿಡಿಗೆ ಉಪ್ಪೇ ಇಲ್ಲ. ನಾನು ಎರಡು ದಿನ ಮದುವೆಮನೆಗೆ ಹೋಗಿದ್ದೆ, ಕುಲುಕಲಿಲ್ಲ. ಬಂದು ನೋಡಿದರೆ ಮೇಲೆ ಬಿಳಿ ಬೂಸಲು. ಪಿಂಕಿನದು ಉಲ್ಟಾ ಕತೆ. ಅದು ಕಲ್ಲು, ಕರಗುವುದಕ್ಕೇ ಮನಸ್ಸಿಲ್ಲ. ನೀರು ಬಿಡುವುದು ತಡವಾಗಿ ಕೆಲವು ಮಿಡಿ ಮೆತ್ತಗಾದವು. ಗುದ್ದಿ ಹಾಕಬೇಕಿತ್ತೇನೋ. ಸಾಣಿಕಟ್ಟಾ ಹರಳು ನಿಧಾನಕ್ಕೆ ಕರಗುತ್ತಾ, ಮೇಲಿಂದ ಕೆಳಗೆ ಇಳಿಯುತ್ತಾ, ಹೋದ ಕಡೆಯಲ್ಲೆಲ್ಲ ಮಿಡಿಯನ್ನು ಚಿರುಟಿಸಿತು. ಹದಿನೈದನೇ ದಿನ ಕಚ್ಚಿದೆ. ಕಟಕ್ ಅಂದಿತು. ಆ ಸದ್ದು ಬಂದರೆ ಮಳೆಗಾಲ ಎರಡು ಕಳೆದರೂ ಮಿಡಿ ಹಾಳಾಗುವುದಿಲ್ಲ.

ಈಗ ಸಾಣಿಕಟ್ಟಾ ಉಪ್ಪಿನ ತಪ್ಪುಗಳು. ಈ ಉಪ್ಪು ಬಿಳಿಯಲ್ಲ, ಬೂದಿ ಬಣ್ಣ. ಕೈಯಲ್ಲಿ ಹಿಡಿದರೆ ಅಂಟುತ್ತದೆ. ಒಂದು ಹಿಡಿ ನೀರಿಗೆ ಹಾಕಿದರೆ ತಳದಲ್ಲಿ ತೆಳ್ಳಗೆ ಕೆಸರು ಕೂರುತ್ತದೆ. ಮಣ್ಣಿನ ತಳದ ಗದ್ದೆಯಲ್ಲಿ ಆಗುವ ಉಪ್ಪು, ಕೆಸರು ಇರದೆ ಎಲ್ಲಿಗೆ ಹೋದೀತು? ಹೊಸ ಉಪ್ಪು ನಾಲಿಗೆಗೆ ಕಹಿ. ಸಮುದ್ರದ ನೀರಿನ ಮೆಗ್ನೀಷಿಯಮ್ ಅದರಲ್ಲೇ ಉಳಿದಿರುತ್ತದೆ. ಗಾಳಿಯ ತೇವ ಎಳೆದುಕೊಳ್ಳುವುದೂ ಅದೇ. ಮಳೆಗಾಲದಲ್ಲಿ ಚೀಲದಿಂದ ತೊಟ ತೊಟ ನೀರು. ನಮ್ಮತ್ತೆಯ ಕಾಲದಲ್ಲಿ ಇದಕ್ಕೆ ಮರದ ಮರಿಗೆ ಇತ್ತು, ಅಡಿಯಲ್ಲಿ ತೂತು. ಒಂದು ಮಳೆಗಾಲ ಕೂತರೆ ಕಹಿಯೆಲ್ಲ ಇಳಿದು ಹೋಗುತ್ತಿತ್ತು. "ಹೋದ ವರ್ಷದ ಉಪ್ಪು, ಈ ವರ್ಷದ ಮಿಡಿ" ಅನ್ನುತ್ತಿದ್ದರು. ನಾನು ಮೊದಲ ವರ್ಷ ಅವಸರಕ್ಕೆ ಹೊಸ ಉಪ್ಪು ಹಾಕಿ ಒಂದು ದೊಡ್ಡ ಭರಣಿ ಕಹಿ ಮಾಡಿಕೊಂಡೆ. ಉಪ್ಪಿನದಲ್ಲ, ನನ್ನದೇ ತಪ್ಪು.

ಇನ್ನೊಂದು ಎಚ್ಚರ. ಒಂದು ಸಲ ಬೇರೆ ಅಂಗಡಿಯಲ್ಲಿ "ಸಾಣಿಕಟ್ಟಾದ್ದೇ" ಅಂತ ಕೊಟ್ಟ ಚೀಲ ಬಿಚ್ಚಿದರೆ ಹಾಲಿನ ಹಾಗೆ ಬಿಳಿ, ಹರಳು ಎಲ್ಲ ಒಂದೇ ಅಳತೆ. ಎಲ್ಲಿಂದಲೋ ಲಾರಿಯಲ್ಲಿ ಬಂದ ಉಪ್ಪು. ದೇಶದ ಉಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಗುಜರಾತಿನದು, ಹಾಗಾಗಿ ಆಶ್ಚರ್ಯವಿಲ್ಲ. ಬೂದಿ ಬಣ್ಣ ಇಲ್ಲದಿದ್ದರೆ ಚೀಲ ವಾಪಸ್ ಕೊಡಿ.

ಗೋಕರ್ಣಕ್ಕೆ ಹೋದಾಗ ಒಮ್ಮೆ ಸಾಣಿಕಟ್ಟಾ ಆಗರದ, ಅಂದರೆ ಉಪ್ಪಿನ ಗದ್ದೆಯ, ಹತ್ತಿರ ಕಾರು ನಿಲ್ಲಿಸಿ ನೋಡಿದ್ದೆವು. ಏಪ್ರಿಲ್ ತಿಂಗಳು. ತದಡಿ ಕಡೆಯ ಅಘನಾಶಿನಿ ಹೊಳೆಯ ಹಿನ್ನೀರು, ಕಡಲು ಉಕ್ಕುವ ಭರತಕ್ಕೆ ನೀರು ಒಳಗೆ ಬಿಟ್ಟು ಗದ್ದೆಯಿಂದ ಗದ್ದೆಗೆ ಹರಿಸಿ ಬಿಸಿಲಿಗೆ ಬಿಡುತ್ತಾರೆ. ಹಲಗೆಯಿಂದ ಉಪ್ಪು ಎಳೆದು ರಾಶಿ ಮಾಡುತ್ತಿದ್ದರು. ಒಬ್ಬ ಅಮ್ಮ ಬುಟ್ಟಿ ಇಳಿಸಿ ಮಾತಾಡಿದರು. ಅವರ ಹಿಮ್ಮಡಿ ನೋಡಿದೆ, ಬಿರುಕಿನಲ್ಲಿ ಒಂದು ರೂಪಾಯಿ ನಾಣ್ಯ ನಿಲ್ಲಬಹುದು. "ಮಕ್ಕಳು ಬರ್ತಾರಾ ಈ ಕೆಲಸಕ್ಕೆ?" ಕೇಳಿದೆ. "ಮಗ ಗೋವಾದಲ್ಲಿ ಹೋಟೆಲಲ್ಲಿದ್ದಾನೆ. ಅವನಿಗ್ಯಾಕೆ ತಾಯೀ ಈ ಬಿಸಿಲು" ಅಂದರು. ಕೆಲಸ ಇರುವುದೇ ಬೇಸಿಗೆಯ ನಾಲ್ಕೈದು ತಿಂಗಳು. ನಡುವೆ ಒಂದು ಅಕಾಲದ ಮಳೆ ಬಂದರೆ ಆಗುತ್ತಿರುವ ಉಪ್ಪು ಮತ್ತೆ ನೀರು.

ಅಲ್ಲಿ ನಿಂತಾಗ ನನಗೆ ನೆನಪಾದದ್ದು ನಮ್ಮ ಅಜ್ಜಿಯ ಮನೆ ಅಂಗಳ. ಘಟ್ಟದ ಕೆಳಗಿನಿಂದ ಒಬ್ಬಳು ಉಪ್ಪು ಹೊತ್ತು ಬರುತ್ತಿದ್ದಳು. ಆಗೇರರ ಹೆಂಗಸು, ಉಪ್ಪು ಮಾಡುವುದೇ ಅವರ ಕುಲದ ಕಸುಬು. ಅಂಗಳದಲ್ಲೇ ನಿಲ್ಲುತ್ತಿದ್ದಳು. ನೀರು ಕೇಳಿದರೆ ಮೇಲಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಅವಳ ಬುಟ್ಟಿಯ ಉಪ್ಪು ಮಾತ್ರ ಅಳೆದು ಸೀದಾ ಅಡುಗೆಮನೆಗೆ. ನನಗೆ ಆಗ ಅದು ವಿಚಿತ್ರ ಅನ್ನಿಸಲೂ ಇಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಕತೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಉಪ್ಪಿನವಳ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಚೀಲದ ಮೇಲೆ ಒಂದು ಸಾಲು ಇದೆ, ನೇರ ಸೇವನೆಗೆ ಅಲ್ಲ ಅಂತ. ಮೊದಲ ಸಲ ಓದಿದಾಗ ಸಿಟ್ಟು ಬಂತು. ನನ್ನ ತವರು ಸಿದ್ದಾಪುರ ಕಡೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಜನ ಕಾನೂನು ಮುರಿದು ಉಪ್ಪು ಮಾಡಿದರು. ಆಮೇಲೆ ಕರನಿರಾಕರಣೆಯಲ್ಲಿ ನನ್ನಜ್ಜ ಹಿಂಡಲಗಾ ಜೈಲು ಕಂಡರು, ತೋಟ ಜಪ್ತಿಯಾಯಿತು. ಉಪ್ಪಿನ ತೆರಿಗೆ ಹೋಗುವುದಕ್ಕೆ 1947 ಬರಬೇಕಾಯಿತು. ಈಗ ಉಪ್ಪಿಗೆ ಜಿಎಸ್‌ಟಿಯೂ ಇಲ್ಲ. ಆದರೆ ನಮ್ಮೂರ ಕಡಲಿನ ಉಪ್ಪು ತಿನ್ನುವುದಕ್ಕಲ್ಲವಂತೆ.

ಸಿಟ್ಟು ಇಳಿಸಿದ್ದು ನಮ್ಮ ಊರಿನ ಆಶಾ ಕಾರ್ಯಕರ್ತೆ. ಸಣ್ಣ ಬಾಟಲಿ ಹಿಡಿದು ಮನೆಮನೆಯ ಉಪ್ಪು ಪರೀಕ್ಷೆಗೆ ಬಂದಿದ್ದಳು. ಪ್ಯಾಕೆಟ್ ಉಪ್ಪಿಗೆ ಒಂದು ಹನಿ ಬಿಟ್ಟಳು, ನೀಲಿಯಾಯಿತು. ಹರಳಿಗೆ ಬಿಟ್ಟಳು, ಹಾಗೇ ಇತ್ತು. "ನೋಡಿ ಅಕ್ಕಾ, ಅಯೋಡಿನ್ ಇಲ್ಲ. ಸಾರಿಗೆ ಇದನ್ನ ಹಾಕ್ಬೇಡಿ, ಮನೇಲಿ ಬಸುರಿ ಸೊಸೆ ಇದ್ದಾಳೆ" ಅಂದಳು. ನಮ್ಮ ದೊಡ್ಡಮ್ಮನ ಗಂಟಲಿನ ಗಡ್ಡೆ ನೆನಪಾಯಿತು, ಅಯೋಡಿನ್ ಸಾಲದೆ ಬರುವಂಥದ್ದು. ಸೆರಗು ಸುತ್ತಿಕೊಂಡೇ ಫೋಟೋಕ್ಕೆ ನಿಲ್ಲುತ್ತಿದ್ದಳು ಪಾಪ. ಅಯೋಡಿನ್ ಇಲ್ಲದ ಉಪ್ಪನ್ನು ನೇರ ತಿನ್ನಲು ಮಾರಬಾರದು ಎಂದು 2006ರಲ್ಲಿ ಮತ್ತೆ ತಂದ ನಿಯಮ ಅಂಥವರಿಗಾಗಿಯೇ. ನಿಯಮ ಸರಿ. ಆದರೆ ಅದರ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳಲಿಲ್ಲ. ದೊಡ್ಡ ಯಂತ್ರ ಇದ್ದವರಿಗೆ ಅಯೋಡಿನ್ ಬೆರೆಸುವುದು ಸಲೀಸು. ಹಲಗೆಯಲ್ಲಿ ಎಳೆದು ರಾಶಿ ಹಾಕುವವರಿಗೆ ಅದು ಹೊಸ ಖರ್ಚು. ಇನ್ನು ಕೆಡದಂತೆ ಇಡುವ ಕೆಲಸಕ್ಕೆ ಹರಳು ಮಾರಲು ಅಡ್ಡಿಯಿಲ್ಲ. ಮಿಡಿ ಅದಕ್ಕೇ ಸೇರುತ್ತದೆ.

ಈಗ ನಮ್ಮ ಮನೆಯಲ್ಲಿ ಎರಡು ಡಬ್ಬ. ಸಾರಿಗೆ, ಪಲ್ಯಕ್ಕೆ ಪ್ಯಾಕೆಟ್ಟು. ಮಿಡಿಗೆ, ಹಲಸಿನ ತೊಳೆ ಉಪ್ಪಿಗೆ ಹಾಕಲಿಕ್ಕೆ ಸಾಣಿಕಟ್ಟಾ.

ದುಡ್ಡಿನ ವಿಷಯ. ನಾನು ಕೊಟ್ಟದ್ದು ಹರಳಿಗೆ ಕಿಲೋಗೆ 12 ರೂಪಾಯಿ, ಪ್ಯಾಕೆಟ್ಟಿಗೆ 28, ಪಿಂಕಿಗೆ 110. ಆ ಪಿಂಕು ಹಿಮಾಲಯದ್ದು ಅಂತ ಹೆಸರು, ಅಗೆಯುವುದು ಪಾಕಿಸ್ತಾನದ ಪಂಜಾಬಿನ ಖೇವ್ರಾ ಗಣಿಯಲ್ಲಿ. ಅಷ್ಟು ದೂರದಿಂದ ಬಂದದ್ದಕ್ಕೆ 110 ಕೊಟ್ಟವರು ದೇವಿಮನೆ ಘಟ್ಟ ಹತ್ತಿ ಬಂದದ್ದಕ್ಕೆ 12 ಹೆಚ್ಚಾಯಿತು ಅಂತ ಚೌಕಾಸಿ ಮಾಡುತ್ತಾರೆ. ಹರಳಿಗೆ 20 ಆದರೂ ನಾನು ಕೊಡುತ್ತೇನೆ, ಆ ಎಂಟು ರೂಪಾಯಿ ಬುಟ್ಟಿ ಹೊರುವವರಿಗೆ ಮುಟ್ಟುವುದಾದರೆ.

ಬೆಂಗಳೂರಿನವರಿಗೆ ಮೂರೂ ಭರಣಿಯಿಂದ ಸ್ವಲ್ಪ ಸ್ವಲ್ಪ ಕಳಿಸಿದೆ, ಯಾವುದು ಯಾವುದು ಅಂತ ಹೇಳದೆ. ಪುಡಿ ಉಪ್ಪಿನದರಲ್ಲಿ ತಳದ ಒಳ್ಳೆಯ ಮಿಡಿ ಮಾತ್ರ. ಒಬ್ಬರು ಫೋನ್ ಮಾಡಿ, "ಗಟ್ಟಿ ಇದೆಯಲ್ಲ ಆಂಟಿ, ಅದೇ ಪಿಂಕ್ ಸಾಲ್ಟ್‌ದು ಅಲ್ವಾ? ಅದನ್ನೇ ಎರಡು ಕಿಲೋ ಕಳಿಸಿ" ಅಂದರು. ಕಳಿಸಿದೆ. ಡಬ್ಬದ ಮೇಲೆ ದೊಡ್ಡದಾಗಿ ಸಾಣಿಕಟ್ಟಾ ಉಪ್ಪು ಅಂತ ಬರೆದೇ ಕಳಿಸಿದೆ.

ಈ ವರ್ಷ ಎರಡು ಚೀಲ ಹೇಳಿದ್ದೇನೆ. ಅತ್ತೆಯ ಮರಿಗೆ ಅಟ್ಟದಿಂದ ಇಳಿಸಿ ತೊಳೆದಾಗಿದೆ, ತೂತಿಗೆ ಗೆದ್ದಲು ಹಿಡಿದಿರಲಿಲ್ಲ.