ಫೋರ್ಟಿನ ವಕೀಲರು, ಚಹಾದ ಹುಡುಗ ಮತ್ತು ನನ್ನ ಮೋಹನ ರಾಗ

ಡೊಂಬಿವಿಲಿಯಿಂದ ಫಾಸ್ಟ್ ಲೋಕಲ್‌ನಲ್ಲಿ ನಿಂತುಕೊಂಡೇ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಬಂದು, ಫೋರ್ಟಿನ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯ ವಕೀಲರ ಕಚೇರಿಗೆ ಹತ್ತುವಷ್ಟರಲ್ಲಿ ನನ್ನ ಸಿಟ್ಟು ಅರ್ಧ ಇಳಿದಿತ್ತು. ಲಿಫ್ಟ್ ಕೆಟ್ಟಿತ್ತು. ಒಳಗೆ ಐವತ್ತು ನಿಮಿಷ ಕಾಯಿಸಿದರು; ಇಳಿದದ್ದೆಲ್ಲ ಮತ್ತೆ ಏರಿತು.

ಪುರಂದರದಾಸರ ಪದವೊಂದಕ್ಕೆ ಮೋಹನದಲ್ಲಿ ಮಟ್ಟು ಹಾಕಿ ನಮ್ಮ ಭಜನಾ ಮಂಡಳಿಯಿಂದ ಹಾಡಿಸಿದವಳು ನಾನು. ಯೂಟ್ಯೂಬಿಗೆ ಏರಿಸಿದ ಮರುದಿನವೇ ಸಂಗೀತ ಕಂಪನಿಯೊಂದರ ಹಕ್ಕುಸ್ವಾಮ್ಯದ ಕ್ಲೇಮ್ ಬಂತು. ಇಪ್ಪತ್ತೆರಡು ವರ್ಷ ಹಾರ್ಮೋನಿಯಂ ಕಲಿಸಿದವಳನ್ನು ಕಳ್ಳಿ ಎಂದ ಹಾಗಾಯಿತು. ಸ್ವರ ಬರೆದ ನೋಟುಪುಸ್ತಕ ಹಿಡಿದೇ ಹೋಗಿದ್ದೆ.

ವಕೀಲರು ಉಡುಪಿ ಕಡೆಯವರು, ಕನ್ನಡದಲ್ಲೇ ಮಾತನಾಡಿದರು. ಮೋಹನ ಯಾರಪ್ಪನ ಆಸ್ತಿ ಎಂದು ನಾನು ಕೇಳಿದೆ. "ರಾಗಕ್ಕೆ ಒಡೆಯರಿಲ್ಲ ಅಕ್ಕಾ. ಆದರೆ ಅದರೊಳಗೆ ಒಬ್ಬರು ಹೆಣೆದ ಮಟ್ಟು ಅವರದೇ" ಎಂದರು. ಇಷ್ಟು ಸೆಕೆಂಡಿನವರೆಗೆ ನಕಲು ಮಾಡಬಹುದು ಎಂಬ ನಂಬಿಕೆ ನಮ್ಮ ಮಂಡಳಿಯಲ್ಲೂ ಇದೆ. ಕಾನೂನಿನಲ್ಲಿ ಅಂಥ ಲೆಕ್ಕವೇ ಇಲ್ಲವಂತೆ. ಮೊಬೈಲ್ ಜಾಹೀರಾತಿಗೆ ತಾನು ಮಾಡಿದ್ದ ಸಂಗೀತವನ್ನು 'ಕ್ರೇಜಿ 4' ಚಿತ್ರದಲ್ಲಿ ಬಳಸಿದ್ದಾರೆ ಎಂದು ರಾಮ್ ಸಂಪತ್ 2008ರಲ್ಲಿ ದಾವೆ ಹೂಡಿದ್ದು, ಈ ವಕೀಲರ ಕಿಟಕಿಗೆ ಹತ್ತಿರದಲ್ಲೇ ಇರುವ ಬಾಂಬೆ ಹೈಕೋರ್ಟಿನಲ್ಲಿ. ಜಾಹೀರಾತಿನ ತುಣುಕು ಎಷ್ಟು ಉದ್ದದ್ದು? ಆದರೂ ತಡೆಯಾಜ್ಞೆ ಸಿಕ್ಕಿತು, ನಿರ್ಮಾಪಕರು ರಾಜಿಗೆ ಬಂದರು.

ಆಮೇಲೆ ವಕೀಲರು ಮಾಡಿದ್ದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಚಹಾ ತಂದ ಹುಡುಗನನ್ನು ನಿಲ್ಲಿಸಿ ನನ್ನದು, ಕಂಪನಿಯದು ಎರಡೂ ಹಾಡು ಕೇಳಿಸಿದರು. ನನಗೆ ಅವಮಾನವೆನಿಸಿತು. ಇದು ತಮಾಷೆಯಲ್ಲ ಎಂದರು: ನಾಟಕವೊಂದನ್ನು ಸಿನಿಮಾ ಕದ್ದಿದೆ ಎಂಬ ಆರ್.ಜಿ. ಆನಂದ್ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಅಳತೆಗೋಲೇ ಅದು. ಎರಡನ್ನೂ ನೋಡಿದ ಸಾಮಾನ್ಯನಿಗೆ ಎರಡನೆಯದು ಮೊದಲನೆಯದರ ನಕಲೇ ಎಂದು ಅನುಮಾನಕ್ಕೆಡೆಯಿಲ್ಲದೆ ಅನಿಸಬೇಕು. ಪಂಡಿತರ ಕಿವಿ ಆಮೇಲೆ.

ಹುಡುಗ ತಲೆ ಕೆರೆದುಕೊಂಡು, ಹಾಡು ಬೇರೆ ಬೇರೆ, ತಬಲಾ ಮಾತ್ರ ಒಂದೇ ಎಂದ.

ವಕೀಲರು ಕ್ಲೇಮಿನ ಪುಟ ತೆರೆಸಿದರು. ಗುರುತಾಗಿದ್ದದ್ದು ಮೊದಲ ಹದಿನಾಲ್ಕು ಸೆಕೆಂಡು. ಅಲ್ಲಿ ನಾವು ಬಾಯಿಯನ್ನೇ ತೆರೆದಿಲ್ಲ. ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಮೂರಕ್ಕೂ 1957ರ ಕಾಯ್ದೆಯಲ್ಲಿ ಬೇರೆ ಬೇರೆ ಹಕ್ಕುಗಳಿವೆ. ದಾಸರ ಮಾತು ಎಲ್ಲರದು, ಮಟ್ಟು ನನ್ನದು, ತಬಲಾದ ಮುದ್ರಿಕೆ ಮೂರನೆಯವರದು. ನಮ್ಮ ಸ್ಟುಡಿಯೋದವರು ದುಡ್ಡು ಕೊಟ್ಟು ತಂದಿದ್ದ ಸಿದ್ಧ ಲೂಪನ್ನೇ, ಅಂದರೆ ಮತ್ತೆ ಮತ್ತೆ ನುಡಿಸುವ ತಬಲಾದ ತುಣುಕನ್ನೇ, ಆ ಕಂಪನಿಯೂ ತನ್ನ ಹಾಡಿಗೆ ಬಳಸಿತ್ತು. ಅದನ್ನು ಸ್ಟುಡಿಯೋದವರು ನನಗೆ ಒಂದು ಮಾತೂ ಹೇಳಿರಲಿಲ್ಲ. ಲೂಪಿನ ರಸೀದಿ ಪಡೆದು, ಅದರ ವಿವರ ಬರೆದು ಯೂಟ್ಯೂಬಿನಲ್ಲೇ ತಕರಾರು ಸಲ್ಲಿಸಿ, ಮೂವತ್ತು ದಿನದಲ್ಲಿ ಕಂಪನಿಯವರು ಉತ್ತರಿಸದಿದ್ದರೆ ಕ್ಲೇಮ್ ತಾನಾಗಿ ಬಿದ್ದುಹೋಗುತ್ತದೆ ಎಂದರು. ಹತ್ತೊಂಬತ್ತನೆಯ ದಿನ ಅವರೇ ಹಿಂತೆಗೆದುಕೊಂಡರು.

ಶುಲ್ಕ ನಾಲ್ಕು ಸಾವಿರ. ಚಹಾದ ಹುಡುಗ ಕಂಡುಹಿಡಿದದ್ದಕ್ಕೆ ಇಷ್ಟೇ ಎಂದು ನಮ್ಮ ಯಜಮಾನರು ನಕ್ಕರು. ನನಗೆ ಬೇಸರವಾದದ್ದು ಬೇರೆ: ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಡಲಿಲ್ಲ, ನಾನೇ ನೋಟುಪುಸ್ತಕದ ಹಿಂದೆ ಗೀಚಿಕೊಂಡೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಹೋಗುವವರು ಕ್ಲೇಮಿನ ಪುಟವನ್ನು ಮೊದಲೇ ಪೂರ್ತಿ ಓದಿಕೊಂಡು ಹೋಗಿ.

ಮುಂದಿನ ಪದಕ್ಕೆ ಠಾಕುರ್ಲಿಯ ತಬಲಾದವರೊಬ್ಬರು ಒಪ್ಪಿದ್ದಾರೆ, ಭಾನುವಾರ ಮಾತ್ರ.