ಬಿಸಿಯೂಟದ ಹೊತ್ತಿಗೆ ಎಷ್ಟು ನೀರು? ಅಂದಾಜು, ನಲ್ಲಿ, ಕೋಲು

ಎಂಟನೇ ತರಗತಿಯ ಘನಫಲದ ಪಾಠಕ್ಕೆ ಶಾಲೆಯ ನೀರಿಗಿಂತ ಒಳ್ಳೆ ಲೆಕ್ಕ ಸಿಗುವುದಿಲ್ಲ. ನಮ್ಮಲ್ಲಿ ಕೈ, ತಟ್ಟೆ ತೊಳೆಯಲು 200 ಲೀಟರಿನ ಡ್ರಮ್ ಇದೆ. ಬುಡದಿಂದ ಪೈಪ್ ಎಳೆದು ನಾಲ್ಕು ನಲ್ಲಿ ಹಾಕಿದ್ದಾರೆ. ಊಟಕ್ಕೆ ಕೂರುವ ಮಕ್ಕಳು 60. ಇಷ್ಟಕ್ಕೆ ಎಷ್ಟು ನೀರು ಖರ್ಚಾಗುತ್ತದೆ ಅಂತ ಮೂರು ದಾರಿಯಲ್ಲಿ ಹುಡುಕಿದೆವು.

ಮೊದಲು ತಲೆಲೆಕ್ಕದ ಅಂದಾಜು. ಕೈಗೆ ಅರ್ಧ ಲೀಟರ್, ತಟ್ಟೆಗೆ ಅರ್ಧ ಲೀಟರ್, 60 ಮಕ್ಕಳಿಗೆ 60 ಲೀಟರ್ ಅಂದರು ಮಕ್ಕಳು. ಎರಡು ನಿಮಿಷದ ಕೆಲಸ, ಏನೂ ಸಾಮಾನು ಬೇಡ. ಆದರೆ ಊಟಕ್ಕೆ ಮುಂಚೆಯೂ ಕೈ ತೊಳೆಯುತ್ತೇವೆ ಅನ್ನೋದು ಯಾರಿಗೂ ಹೊಳೆಯಲಿಲ್ಲ. ಸೋಪು ಉಜ್ಜುವಾಗ ನಲ್ಲಿ ಸುಮ್ನೆ ಹರಿಯುತ್ತಿರುತ್ತದೆ, ಅದೂ ಲೆಕ್ಕಕ್ಕೆ ಬರಲಿಲ್ಲ.

ಎರಡನೆಯದು ನಲ್ಲಿಯ ವೇಗ. ಒಂದು ಲೀಟರಿನ ಬಾಟಲಿ ಹಿಡಿದು ಸೆಕೆಂಡ್ ಎಣಿಸುವುದು. ಒಂದೇ ನಲ್ಲಿ ತೆರೆದಾಗ 6 ಸೆಕೆಂಡಿಗೆ ತುಂಬಿತು. ನಾಲ್ಕೂ ತೆರೆದಾಗ 9 ಸೆಕೆಂಡ್ ಬೇಕಾಯಿತು. ಈ ವ್ಯತ್ಯಾಸ ಚಿಕ್ಕದಲ್ಲ. ಒಂದು ಮಗುವಿಗೆ ಸರಾಸರಿ 18 ಸೆಕೆಂಡ್ ನಲ್ಲಿ ತೆರೆದಿರುತ್ತದೆ ಅಂತ ಮಕ್ಕಳೇ ನಿಂತು ನೋಡಿ ಬರೆದಿದ್ದರು. ಮೊದಲ ವೇಗ ಹಿಡಿದರೆ ತಲೆಗೆ 3 ಲೀಟರ್, ಒಟ್ಟು 180. ಎರಡನೆಯದು ಹಿಡಿದರೆ ತಲೆಗೆ 2 ಲೀಟರ್, ಒಟ್ಟು 120. ಊಟದ ಹೊತ್ತಲ್ಲಿ ನಾಲ್ಕೂ ನಲ್ಲಿ ತೆರೆದೇ ಇರುತ್ತವೆ, ಹಾಗಾಗಿ 120 ಸರಿ. ಇದಕ್ಕೂ ಒಂದು ತೊಡಕಿದೆ. ಡ್ರಮ್ಮಿನಲ್ಲಿ ನೀರು ಇಳಿದಂತೆ ಒತ್ತಡ ಕಡಿಮೆಯಾಗಿ ನಲ್ಲಿ ಇನ್ನೂ ಸಣ್ಣಗೆ ಬರುತ್ತದೆ.

ಮೂರನೆಯದು ಕೋಲು. ನನಗೆ ತುಂಬಾ ಇಷ್ಟವಾದದ್ದು ಇದೇ. ಡ್ರಮ್ಮಿನ ಸುತ್ತ ದಾರ ಸುತ್ತಿ ಅಳೆದೆವು: 180 ಸೆಂಟಿಮೀಟರ್. 3.14ರಿಂದ ಭಾಗಿಸಿದರೆ ವ್ಯಾಸ ಸುಮಾರು 57, ತ್ರಿಜ್ಯ 28.6. ಅಂದರೆ ಒಂದು ಸೆಂಟಿಮೀಟರ್ ಎತ್ತರದ ನೀರು ಸುಮಾರು 2,570 ಘನ ಸೆಂಟಿಮೀಟರ್, ಹತ್ತಿರ ಹತ್ತಿರ 2.6 ಲೀಟರ್. ಬಿದಿರು ಕೋಲಿಗೆ ಸೆಂಟಿಮೀಟರ್ ಗೆರೆ ಹಾಕಿ, ಮೇಲೆ ಸೀಮೆಸುಣ್ಣ ಉಜ್ಜಿ, ನೆಟ್ಟಗೆ ಇಳಿಸಬೇಕು. ಸುಣ್ಣ ಒದ್ದೆಯಾದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಬರಿ ಬಿದಿರಿನ ಮೇಲೆ ನೀರು ಹಬ್ಬಿ ಗೆರೆ ಕಲಸಿಹೋಗುತ್ತದೆ.

ಸೂತ್ರವನ್ನು ಹಾಗೇ ನಂಬಬಾರದು ಅಲ್ವಾ? 15 ಲೀಟರಿನ ಒಂದು ಬಕೆಟ್ ಸುರಿದು ನೋಡಿದೆವು. ಲೆಕ್ಕದ ಪ್ರಕಾರ 5.8 ಸೆಂಟಿಮೀಟರ್ ಏರಬೇಕು, 6ರ ಹತ್ತಿರ ಏರಿತು. ಮಕ್ಕಳ ಮುಖ ನೋಡಬೇಕಿತ್ತು! ಊಟದ ಮುಂಚೆ, ಊಟದ ನಂತರ ಕೋಲು ಇಳಿಸಿದಾಗ ವ್ಯತ್ಯಾಸ 48 ಸೆಂಟಿಮೀಟರ್, ಅಂದರೆ ಸುಮಾರು 125 ಲೀಟರ್. ನಲ್ಲಿಯ ಲೆಕ್ಕದ 120ಕ್ಕೆ ಎಷ್ಟು ಹತ್ತಿರ! ಅಂದಾಜು ಮಾತ್ರ ಅರ್ಧದಲ್ಲೇ ನಿಂತಿತ್ತು.

ಕೋಲು ಇನ್ನೊಂದನ್ನೂ ತೋರಿಸಿತು. ಸಂಜೆ ಅಳೆದು ಬೆಳಿಗ್ಗೆ ಮತ್ತೆ ಅಳೆದರೆ 8 ಸೆಂಟಿಮೀಟರ್ ಇಳಿದಿತ್ತು. ಶಾಲೆಗೆ ಬೀಗ, ಆದರೂ 20 ಲೀಟರ್ ಮಾಯ. ಒಂದು ನಲ್ಲಿಯ ವಾಷರ್ ಸವೆದಿತ್ತು. ಇದು ಅಂದಾಜಿಗೂ ಸಿಗುತ್ತಿರಲಿಲ್ಲ, ಬಾಟಲಿಗೂ ಸಿಗುತ್ತಿರಲಿಲ್ಲ. ಆದರೆ ನೀರು ಯಾಕೆ ಖರ್ಚಾಯಿತು ಅಂತ ಕೋಲು ಹೇಳುವುದಿಲ್ಲ. ಅದಕ್ಕೆ ನಲ್ಲಿಯ ಪಕ್ಕ ನಿಂತು ಸೆಕೆಂಡ್ ಎಣಿಸಲೇಬೇಕು. ನಡುವೆ ಯಾರಾದರೂ ಡ್ರಮ್ ತುಂಬಿಸಿದರೂ ಕೋಲಿನ ಲೆಕ್ಕ ಕೆಡುತ್ತದೆ.

ಒಂದೇ ದಾರಿಗೆ ಸಮಯ ಇದ್ದರೆ ಕೋಲು ಹಿಡಿಯಿರಿ. ಅಂದಾಜನ್ನು ಮಾತ್ರ ಬಿಡಬೇಡಿ, ಅಳೆಯುವ ಮುಂಚೆಯೇ ಬರೆಸಿಡಿ. ತಾನು ಬರೆದ 60 ಎದುರಿಗೆ ಇದ್ದರೇನೇ 125 ಕಂಡಾಗ ಮಗು "ಯಾಕೆ ಸರ್?" ಅಂತ ಕೇಳುವುದು.

ಅಕ್ಕಿಗೆ ಈ ಕೋಲು ಬೇಡ. 1ರಿಂದ 5ನೇ ತರಗತಿಗೆ ತಲೆಗೆ 100 ಗ್ರಾಂ, 6ರಿಂದ 8ಕ್ಕೆ 150 ಗ್ರಾಂ ಅಂತ ತೂಕದಲ್ಲೇ ನಿಯಮ ಇದೆ. ಗೋಪುರ ಬರುವಂತೆ ತುಂಬಿದ ಸೇರಿಗೂ ಮಟ್ಟ ಮಾಡಿದ ಸೇರಿಗೂ ವ್ಯತ್ಯಾಸ ಜಾಸ್ತಿ, ತಕ್ಕಡಿಯೇ ವಾಸಿ. ಕ್ಷೀರಭಾಗ್ಯದ ಹಾಲಿಗೆ, ಅಂದರೆ ಸರ್ಕಾರ ಕೊಡುವ ಹಾಲಿನ ಪುಡಿಗೆ ನೀರು ಬೆರೆಸಿ ಶಾಲೆಯಲ್ಲಿ ಕಾಯಿಸುವ ಹಾಲಿಗೆ, ಕೋಲು ಚೆನ್ನಾಗಿ ಹೊಂದುತ್ತದೆ. ತಲೆಗೆ 150 ಮಿಲಿಲೀಟರ್, 60 ಮಕ್ಕಳಿಗೆ 9 ಲೀಟರ್. ಕಾಯಿಸುವ ಮುಂಚೆ, ಪಾತ್ರೆಗೆ ನೀರು ಹಾಕುವಾಗಲೇ ತೊಳೆದ ಸ್ಟೀಲ್ ಸ್ಕೇಲ್ ಇಳಿಸಿ ಅಳೆಯಿರಿ, ಕಾದ ಮೇಲೆ ನೊರೆ ಗೆರೆಯನ್ನು ಮುಚ್ಚಿಬಿಡುತ್ತದೆ.