ಹಳೇ ಸೇಗಾ ರಿಪೇರಿಗೆ ಕಾಸರಗೋಡಿನ ರೇಡಿಯೋ ಅಂಗಡಿಯೇ ಸಾಕು

ಹಳೇ ವಿಡಿಯೋ ಗೇಮ್ ಸರಿ ಮಾಡಬೇಕು ಅಂತ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೊರಟವರು, ಇಲ್ಲವೇ ಆನ್‌ಲೈನಿನಲ್ಲಿ ವಿದೇಶದ ಕಿಟ್ ಹುಡುಕುತ್ತಾ ಕೂತವರು ನಮ್ಮ ಊರ ಕಡೆ ಯಾರಾದರೂ ಇದ್ದರೆ ಮೊದಲು ಇದನ್ನು ಓದಿ. ಕಾಸರಗೋಡಿನ ಹಳೇ ಬಸ್‌ಸ್ಟ್ಯಾಂಡಿನಿಂದ ನಡೆದೇ ಹೋಗುವಷ್ಟು ಹತ್ತಿರ, ಒಂದು ಓಣಿಯೊಳಗೆ, ರೇಡಿಯೋ-ಟಿವಿ ಬಿಡಿಭಾಗ ಮಾರುವ ಸಣ್ಣ ಅಂಗಡಿ ಉಂಟು. ಬೋರ್ಡಿನ ಅಕ್ಷರ ಮಾಸಿಹೋಗಿದೆ. ರೇಡಿಯೋ ಅಂಗಡಿ ಎಲ್ಲಿ ಅಂತ ಕೇಳಿದರೆ ತೋರಿಸುತ್ತಾರೆ. ಟಿವಿಗೆ ಸಿಕ್ಕಿಸಿ ಆಡುವ ನನ್ನ ಸೇಗಾ ಮೆಗಾ ಡ್ರೈವ್ ಗೇಮ್ ಪೆಟ್ಟಿಗೆಗೆ ಬೇಕಾದ ಸಾಮಾನು ಹೆಚ್ಚುಕಮ್ಮಿ ಎಲ್ಲವೂ ಅಲ್ಲೇ ಸಿಕ್ಕಿತು, ಈಗ ಗೇಮ್ ಚೆನ್ನಾಗಿ ಓಡುತ್ತಿದೆ.

ಕುಂಬಳೆ, ಉಪ್ಪಳ, ಚೆರ್ಕಳ ಕಡೆ ಗಲ್ಫಿಗೆ ಹೋಗಿ ಬಂದವರ ಮನೆಯ ಅಟ್ಟದಲ್ಲಿ ಇಂಥ ಪೆಟ್ಟಿಗೆಗಳು ಇನ್ನೂ ಇವೆ. ನನ್ನದು ಮಾವ ದುಬೈಯಿಂದ ತಂದ ಮೆಗಾ ಡ್ರೈವ್ 2. ಮೊದಲ ಮೆಗಾ ಡ್ರೈವ್ ಜಪಾನಿನಲ್ಲಿ ಬಂದದ್ದು 1988ರಲ್ಲಿ, ಈ ಚಿಕ್ಕ ಎರಡನೇ ಮಾಡೆಲ್ 1993ರಲ್ಲಿ. ಅಂದರೆ ಒಳಗಿರುವ ಕೆಪಾಸಿಟರ್‌ಗಳಿಗೆ (ಕರೆಂಟಿನ ಏರಿಳಿತ ತಗ್ಗಿಸುವ ಸಣ್ಣ ಬಿಡಿಭಾಗ) ಸುಮಾರು 30 ವರ್ಷ. ಪವರ್ ವೈರ್ ಸ್ವಲ್ಪ ಅಲ್ಲಾಡಿದರೆ ಆಫ್ ಆಗುತ್ತಿತ್ತು. ಆನ್ ಇದ್ದಾಗಲೂ ಚಿತ್ರದ ಮೇಲೆ ಅಲೆ ಅಲೆಯಾಗಿ ಗೆರೆ ಬರುತ್ತಿತ್ತು. ಕೆಲವು ಕಾರ್ಟ್ರಿಜ್ (ಗೇಮ್ ಇರುವ ಪ್ಲಾಸ್ಟಿಕ್ ಡಬ್ಬಿ) ಹಾಕಿದರೆ ಬರೀ ಕಪ್ಪು ಪರದೆ.

ಇದನ್ನು ಕೇಳಿದವರು "ಇನ್ನು ಅದರ ಸ್ಪೇರ್ ಎಲ್ಲಿ ಸಿಗ್ತದೆ ಮಾರಾಯ, ಬಿಡು" ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಸೇಗಾದವರೇ ಮಾಡಿಸಿದ ಚಿಪ್‌ಗಳು ಈಗ ಸಿಗುವುದಿಲ್ಲ ನಿಜ. ಆದರೆ ಕೆಡುವುದು ಜಾಸ್ತಿ ಅವುಗಳಲ್ಲ. ಕೆಡುವುದು ಪವರ್ ಬರುವ ದಾರಿ: ಪ್ಲಗ್ ಸಿಕ್ಕಿಸುವ ಜಾಕ್, 5 ವೋಲ್ಟ್ ಮಾಡಿ ಕೊಡುವ 7805 ರೆಗ್ಯುಲೇಟರ್, ಅದರ ಅಕ್ಕಪಕ್ಕದ ಕೆಪಾಸಿಟರ್. ಹಳೇ ರೇಡಿಯೋ, ಟೇಪ್ ರೆಕಾರ್ಡರ್‌ನಲ್ಲಿ ಇದ್ದದ್ದೂ ಇದೇ ಜಾತಿಯ ಸಾಮಾನು. ಹಾಗಾಗಿ ಇದಕ್ಕೆ ಗೇಮ್ ಅಂಗಡಿಯೇ ಬೇಕಾಗಿಲ್ಲ.

ಅಂಗಡಿಯಲ್ಲಿ ಕೂರುವುದು ಒಬ್ಬ ಹಿರಿಯರು, ಗಿರಾಕಿಗಳೆಲ್ಲ ಇಚ್ಚ (ಅಣ್ಣ) ಅಂತಲೇ ಕರೆಯುತ್ತಾರೆ. ಮಲಯಾಳ, ತುಳು, ಕನ್ನಡ ಮೂರರಲ್ಲೂ ವ್ಯಾಪಾರ. ಚೀಟಿ ಕೊಟ್ಟ ಕೂಡಲೇ ಸಾಮಾನು ತೆಗೆದುಕೊಡುವವರಲ್ಲ. "ಇದು ಎಂತದ್ದಕ್ಕೆ?" ಅಂತ ಮೊದಲು ಕೇಳುತ್ತಾರೆ. ಅವಸರದಲ್ಲಿ ಇರುವವರಿಗೆ ಇದು ಕಿರಿಕಿರಿ ಆಗಬಹುದು, ನನಗೆ ಮಾತ್ರ ಈ ಒಂದು ಗುಣಕ್ಕೇ ಅಲ್ಲಿಗೆ ಹೋಗಬೇಕು ಅನಿಸುತ್ತದೆ. ನಾನು ಕೆಪಾಸಿಟರ್ 1000 ಮೈಕ್ರೋಫ್ಯಾರಡ್ 16 ವೋಲ್ಟಿನದ್ದು ಅಂತ ಬರೆದುಕೊಂಡು ಹೋಗಿದ್ದೆ, ಯಾಕೆಂದರೆ ಬೋರ್ಡಿನಲ್ಲಿ ಅದೇ ಇತ್ತು.

"ಅಡಾಪ್ಟರ್ ಹಳೇದಾ, ಭಾರ ಉಂಟಾ?" ಅಂದರು.

"ಹೌದು ಇಚ್ಚ, ಗಲ್ಫಿಂದು, ಚಪ್ಪಟೆ ಮೂರು ಕಾಲಿಂದು."

"ಹಾಗಾದ್ರೆ 25 ವೋಲ್ಟಿಂದೇ ಹಾಕಿ. ಅದು 10 ಅಂತ ಬರೆದಿರ್ತದೆ, ಲೋಡ್ ಇಲ್ಲದಾಗ 14 ತೋರಿಸ್ತದೆ."

ಮನೆಗೆ ಬಂದು ಮೀಟರ್ ಹಿಡಿದು ನೋಡಿದರೆ ಅವರು ಹೇಳಿದ ಹಾಗೇ ಇತ್ತು. ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್‌ಗಳಲ್ಲಿ ರೆಗ್ಯುಲೇಶನ್ ಇರುವುದಿಲ್ಲ, ಬರೆದಿರುವ ವೋಲ್ಟ್ ಸಿಗುವುದು ಪೂರ್ತಿ ಲೋಡ್ ಇದ್ದಾಗ, ಅಂದರೆ ಅದರಿಂದ ಪೂರ್ತಿ ಕರೆಂಟು ಎಳೆಯುವಾಗ ಮಾತ್ರ. 16 ವೋಲ್ಟಿನ ಕೆಪಾಸಿಟರ್ ಹಾಕಿದರೂ ಓಡುತ್ತದೆ, ಆದರೆ ನಮ್ಮಲ್ಲಿ ಕರೆಂಟು ಏರಿಳಿಯುವ ರೀತಿ ಗೊತ್ತಲ್ವಾ, ಸ್ವಲ್ಪ ಜಾಸ್ತಿ ತಡೆದುಕೊಳ್ಳುವುದು ಇದ್ದರೆ ಒಳ್ಳೆಯದು. ಒಂದೇ ವಿಷಯ ನೋಡಿಕೊಳ್ಳಿ: 25 ವೋಲ್ಟಿನದ್ದು ಗಾತ್ರದಲ್ಲಿ ದೊಡ್ಡದು, ಬೋರ್ಡಿನ ಮೇಲೆ ಮುಚ್ಚುವ ತಗಡಿಗೆ ತಾಗದ ಹಾಗೆ ಇರಬೇಕು. 85 ಡಿಗ್ರಿ ಬಿಸಿ ತಡೆಯುವುದೂ 105 ಡಿಗ್ರಿ ತಡೆಯುವುದೂ ಎರಡೂ ಅವರಲ್ಲಿ ಉಂಟು, 105ರದ್ದು ತಗೊಳ್ಳಿ. ಬೆಲೆಯಲ್ಲಿ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನುವಷ್ಟು.

7805 ಕೇಳಿದಾಗ ಎರಡು ಡಬ್ಬಿ ತೆಗೆದರು. ಒಂದು ಕಡಿಮೆ ಬೆಲೆಯದ್ದು, ಇನ್ನೊಂದು ಎಲ್7805ಸಿವಿ ಅಂತ ಅಚ್ಚಾಗಿರುವುದು, 1.5 ಆಂಪಿಯರ್‌ದು. ಕೌಂಟರ್ ಮೇಲೆ ಒಂದು ಮರದ ಹಲಗೆ ಇದೆ, ಅದಕ್ಕೆ ಮೂರು ಹಿತ್ತಾಳೆ ಕ್ಲಿಪ್ ಹೊಡೆದಿದ್ದಾರೆ, ಪಕ್ಕದಲ್ಲಿ ಬೈಕಿನ ಬಲ್ಬ್. ರೆಗ್ಯುಲೇಟರಿನ ಮೂರು ಕಾಲನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಬ್ಯಾಟರಿಯಿಂದ 12 ವೋಲ್ಟ್ ಕೊಟ್ಟು, ಬಲ್ಬ್ ಮಂದವಾಗಿ ಉರಿಯುವಾಗ ಮೀಟರಿನ ಮುಳ್ಳು ತೋರಿಸಿದರು. ಸರಿಯಾಗಿ 5ರ ಮೇಲೆ ನಿಂತಿತ್ತು. ಆಮೇಲೆ ಕಡಿಮೆ ಬೆಲೆಯದನ್ನೂ ಹಾಗೇ ಸಿಕ್ಕಿಸಿದರು. ಅದೂ ಮೊದಲು 5ರಲ್ಲೇ ಇತ್ತು, ಬಿಸಿಯಾಗುತ್ತಾ ಬಂದಂತೆ ಮುಳ್ಳು ನಿಧಾನಕ್ಕೆ ಕೆಳಗೆ ಜಾರಿತು. ಲೋಡ್ ಇಲ್ಲದೆ ಬರೀ ಮೀಟರ್ ಹಿಡಿದರೆ ಇದು ಗೊತ್ತೇ ಆಗುವುದಿಲ್ಲ. ಆನ್‌ಲೈನಿನ ಯಾವ ಫೋಟೋ ನೋಡಿಯೂ ಇದನ್ನು ತಿಳಿಯಲಾಗುವುದಿಲ್ಲ. ಒಳ್ಳೆಯದಕ್ಕೆ 20 ರೂಪಾಯಿ ತಗೊಂಡರು. ಜೊತೆಗೆ ರೆಗ್ಯುಲೇಟರಿನ ಬಿಸಿಯನ್ನು ಲೋಹದ ತಗಡಿಗೆ ದಾಟಿಸುವ ಬಿಳಿ ಹೀಟ್‌ಸಿಂಕ್ ಪೇಸ್ಟ್ ಬೆರಳ ತುದಿಯಷ್ಟು ಪ್ಲಾಸ್ಟಿಕ್ ಚೂರಿಗೆ ಹಚ್ಚಿ ಮಡಚಿ ಕೊಟ್ಟರು, ಅದಕ್ಕೆ ದುಡ್ಡಿಲ್ಲ. ಈ ಪೇಸ್ಟ್ ಮುಖ್ಯ. 10 ವೋಲ್ಟ್ ಒಳಗೆ ಬಂದು 5 ವೋಲ್ಟ್ ಹೊರಗೆ ಹೋದರೆ ಉಳಿದ ಅರ್ಧ ಪೂರ್ತಿ ಬಿಸಿಯಾಗಿಯೇ ಹೋಗಬೇಕು.

ಇನ್ನು ಮನೆಯಲ್ಲಿ ಆದ ಕೆಲಸ. ವೈರ್ ಅಲ್ಲಾಡಿದರೆ ಆಫ್ ಆಗುವುದಕ್ಕೆ ಕಾರಣ ಜಾಕ್. ಬೋರ್ಡನ್ನು ತಿರುಗಿಸಿ ಟಾರ್ಚ್ ಓರೆಯಾಗಿ ಹಿಡಿದರೆ ಜಾಕಿನ ಕಾಲಿನ ಸುತ್ತ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ ಕಾಣುತ್ತದೆ, ಅದೇ ಬೆಸುಗೆ ಬಿರುಕು ಬಿಟ್ಟ ಜಾಗ. ವರ್ಷಗಟ್ಟಲೆ ಪ್ಲಗ್ ಹಾಕಿ ತೆಗೆದು ಹಾಗಾಗುತ್ತದೆ. ಇಲ್ಲಿ ಇಚ್ಚ ಹೇಳಿಕೊಟ್ಟ ಉಪಾಯ ಬಹಳ ಉಪಯೋಗಕ್ಕೆ ಬಂತು: ಹಳೇ ಲೆಡ್ (ಬೆಸುಗೆಯ ಲೋಹ) ತೆಗೆಯುವ ಮೊದಲು ಅದರ ಮೇಲೆ ಸ್ವಲ್ಪ ಹೊಸ ಲೆಡ್ ಕರಗಿಸಿ. ಹೊಸದು ಸೇರಿದ ಮೇಲೆ ಹಳೇದೂ ಸಲೀಸಾಗಿ ಕರಗಿ ಹೊಳೆಯುತ್ತದೆ, ಆಗ ಲೆಡ್ ಹೀರುವ ಪಂಪ್ ಹಿಡಿದು ಎಳೆದರೆ ತೂತು ಚೊಕ್ಕ ಆಗುತ್ತದೆ. ಹಾಗೇ ಒಣಗಿದ ಹಳೇ ಬೆಸುಗೆಗೆ ಐರನ್ ಒತ್ತಿ ಹಿಡಿದರೆ ಬೋರ್ಡಿನ ತಾಮ್ರದ ಗೆರೆಯೇ ಎದ್ದು ಬರುತ್ತದೆ, ಅದು ಎದ್ದರೆ ಕೆಲಸ ದೊಡ್ಡದಾಗುತ್ತದೆ. ನಾನು ಅವರಲ್ಲೇ ತಗೊಂಡ 25 ವಾಟ್ ಐರನ್ ಮತ್ತು 60/40 ಲೆಡ್ ಇದಕ್ಕೆಲ್ಲ ಸಾಕಾಯಿತು. ದೊಡ್ಡ ತಾಮ್ರದ ಪಟ್ಟಿಗೆ ಬೆಸೆದ ನೆಗೆಟಿವ್ ಕಾಲುಗಳು ಮಾತ್ರ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತವೆ, ಅಲ್ಲಿ ತಾಳ್ಮೆ ಬೇಕು. ಕೆಪಾಸಿಟರಿನ ಬಿಳಿ ಪಟ್ಟಿ ಇರುವ ಕಡೆ ನೆಗೆಟಿವ್, ಹಳೇದನ್ನು ಕೀಳುವ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಕೆಪಾಸಿಟರ್ ಬದಲಾದ ಮೇಲೆ ಚಿತ್ರದ ಅಲೆ ಪೂರ್ತಿ ಹೋಯಿತು.

ಕಪ್ಪು ಪರದೆಗೆ ಕಾರಣ ಕಿಲುಬು. ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ, ಪಕ್ಕದಲ್ಲೇ ಕಡಲಿರುವ ಊರಲ್ಲಿ ಬೇರೇನು ಆಗಬೇಕು? ಚಿಕ್ಕಂದಿನಲ್ಲಿ ಎಲ್ಲರೂ ಕಾರ್ಟ್ರಿಜ್ ಬಾಯಿಗೆ ಹಿಡಿದು ಊದುತ್ತಿದ್ದೆವು. ಊದಿದ್ದರಿಂದ ಅಲ್ಲ ಸರಿಯಾಗುತ್ತಿದ್ದದ್ದು, ತೆಗೆದು ಮತ್ತೆ ಹಾಕಿದ್ದರಿಂದ. ಉಸಿರಿನ ಪಸೆ ಕಿಲುಬನ್ನು ಹೆಚ್ಚಿಸುತ್ತದೆ ಅಷ್ಟೇ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಕಿವಿಕಡ್ಡಿ ಅದ್ದಿ ಕಾರ್ಟ್ರಿಜ್ ಬಾಯಲ್ಲಿರುವ ಚಿನ್ನದ ಬಣ್ಣದ ಕಾಲುಗಳನ್ನು ಉಜ್ಜಿದರೆ ಹತ್ತಿ ಮೊದಲು ಹಸಿರುಗಪ್ಪಾಗುತ್ತದೆ, ಬಿಳಿಯಾಗಿ ಉಳಿಯುವವರೆಗೂ ಉಜ್ಜಬೇಕು. ಪೂರ್ತಿ ಒಣಗಿದ ಮೇಲೆಯೇ ಹಾಕಬೇಕು. ಸ್ಯಾಂಡ್ ಪೇಪರ್ ಮಾತ್ರ ಮುಟ್ಟಬೇಡಿ, ಮೇಲಿನ ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಹಾಳಾಗುತ್ತದೆ. ಸೋನಿಕ್ ಹಾಕಿ ಆನ್ ಮಾಡಿದಾಗ ಆ ನೀಲಿ ಅಕ್ಷರ, ಆ ದನಿ ಬಂತಲ್ಲ, ಮನೆಯವರೆಲ್ಲ ಕೆಲಸ ಬಿಟ್ಟು ಹಾಲ್‌ಗೆ ಬಂದರು.

ಈ ಅಂಗಡಿಯಲ್ಲಿ ಸಿಗದ್ದನ್ನೂ ಹೇಳಬೇಕು. ಕಾರ್ಟ್ರಿಜ್‌ನ ಸ್ಕ್ರೂ ಬಿಚ್ಚುವ 3.8 ಮಿ.ಮೀ. ವಿಶೇಷ ಬಿಟ್ (ಸ್ಕ್ರೂಡ್ರೈವರ್ ತುದಿ) ಇಲ್ಲ, ಅದನ್ನು ಆನ್‌ಲೈನಿನಲ್ಲೇ ತರಿಸಬೇಕು. ಸೇವ್ ಆಗುವ ಎಷ್ಟೋ ಗೇಮ್‌ಗಳ ಒಳಗೆ ಸಿಆರ್2032 ಬ್ಯಾಟರಿ ಇರುತ್ತದೆ, ಅದನ್ನು ಬದಲಿಸುವವರಿಗೆ ಆ ಬಿಟ್ ಬೇಕೇ ಬೇಕು. ಕಾಲು ಬೆಸೆದ ಬ್ಯಾಟರಿ ಮಾತ್ರ ಇಚ್ಚನಲ್ಲಿ ಸಿಗುತ್ತದೆ. ಮೆಗಾ ಡ್ರೈವ್ 2ರ ಹಳದಿ ತುದಿಯ ಪವರ್ ಪ್ಲಗ್ ಕೂಡ ಅವರಲ್ಲಿಲ್ಲ. ಅಡಾಪ್ಟರ್ ಸುಟ್ಟುಹೋಗಿದ್ದರೂ ಅದರ ವೈರ್ ಎಸೆಯಬೇಡಿ, ಆ ಪ್ಲಗ್ ಕತ್ತರಿಸಿ 9 ವೋಲ್ಟ್ 1 ಆಂಪಿಯರ್ ಹೊಸ ಅಡಾಪ್ಟರಿಗೆ ಬೆಸೆಯಬಹುದು. 7805ಗೆ ಸುಮಾರು 7 ವೋಲ್ಟ್ ಮೇಲೆ ಇದ್ದರೆ ಸಾಕು, ಬಿಸಿಯೂ ಕಡಿಮೆ. ಆದರೆ ಇಲ್ಲಿ ತುಂಬಾ ಜೋಪಾನ: ಎರಡನೇ ಮಾಡೆಲ್‌ಗೆ ಪ್ಲಗ್ಗಿನ ನಡುವೆ ಪಾಸಿಟಿವ್, ಮೊದಲ ಮಾಡೆಲ್‌ಗೆ ನಡುವೆ ನೆಗೆಟಿವ್. ಕನ್ಸೋಲಿಗೆ ಹಾಕುವ ಮೊದಲು ಮೀಟರಿನಲ್ಲಿ ನೋಡಲೇಬೇಕು. ಸ್ವಿಚ್ ತಿರುಗಿಸಿ ವೋಲ್ಟ್, ಪಾಸಿಟಿವ್-ನೆಗೆಟಿವ್ ಬದಲಿಸುವ ಯೂನಿವರ್ಸಲ್ ಅಡಾಪ್ಟರ್ ಕೇಳಿದವರಿಗೆ ಇಚ್ಚ ಬೇಡ ಅನ್ನುವುದು ಇದಕ್ಕೇ.

ಗೊಣಗುವಂಥದ್ದೂ ಇದೆ. ಜಾಗ ಇಕ್ಕಟ್ಟು, ಇಬ್ಬರು ನಿಂತರೆ ಮೂರನೆಯವರು ಓಣಿಯಲ್ಲಿ ಕಾಯಬೇಕು. ಗಾಡಿ ನಿಲ್ಲಿಸೋಕೆ ಜಾಗ ಇಲ್ಲ. ಐಸಿ, ರೆಗ್ಯುಲೇಟರ್ ವಾಪಸ್ ತಗೊಳ್ಳುವುದಿಲ್ಲ, ಪರೀಕ್ಷೆ ಮಾಡಿಯೇ ಕೊಡುವುದರಿಂದ ಅದು ನ್ಯಾಯವೇ. ಐಸೋಪ್ರೊಪೈಲನ್ನು ಲೇಬಲ್ ಇಲ್ಲದ ಬಾಟ್ಲಿಯಲ್ಲಿ ಕೊಡುತ್ತಾರೆ, ಇದು ನನಗೆ ಇಷ್ಟವಾಗಲಿಲ್ಲ. ಮಕ್ಕಳಿರುವ ಮನೆಯವರು ಮೆಡಿಕಲ್‌ನಲ್ಲಿ ಸೀಲ್ ಇರುವುದನ್ನೇ ತಗೊಳ್ಳಿ. ಫೋನಿನಲ್ಲಿ ಸ್ಟಾಕ್ ಕೇಳಿದರೆ ಹೇಳುವುದಿಲ್ಲ, ಖುದ್ದಾಗಿ ಹೋಗಬೇಕು.

ಹೋಗುವಾಗ ಕಿತ್ತ ಹಳೇ ಸಾಮಾನನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ, ಅಡಾಪ್ಟರನ್ನೂ ಚೀಲಕ್ಕೆ ಹಾಕಿಕೊಳ್ಳಿ. ಹೇಗೂ ಎರಡನ್ನೂ ಕೇಳುತ್ತಾರೆ. ಬೆಳಿಗ್ಗೆ 10ರ ಹೊತ್ತಿಗೆ ಹೋದರೆ ಜನ ಕಡಿಮೆ, ಮಾತಾಡೋಕೆ ಬಿಡುವಿರುತ್ತದೆ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ, ಬದಿಯಡ್ಕ, ಪೆರ್ಲ ಕಡೆಯಿಂದ ಬಸ್ಸು ಹತ್ತಿ ಬರುವವರು ಇದನ್ನು ನೆನಪಿಡಿ.